ಜುರಾ ದ್ವೀಪದ ಹಳೆಯ ಮನೆ

ನಿಮ್ಮ ಶಾಲೆಯ ಭೂಪಟದಲ್ಲಿ ಬ್ರಿಟನ್ ದೇಶವನ್ನು ಹುಡುಕಿರಿ. ಅದರ ಉತ್ತರ ಭಾಗವೇ ಸ್ಕಾಟ್ಲೆಂಡ್. ಸ್ಕಾಟ್ಲೆಂಡಿನ ಪಡುವಣ ಕರಾವಳಿಯ ಮೇಲೆ ಬೆರಳಾಡಿಸುತ್ತ ಹೋದರೆ, ಯಾರೋ ಕಾಗದವನ್ನು ಹರಿದು ನೀರಿಗೆ ಚೆಲ್ಲಿದಂತೆ ಚಿಕ್ಕ ದೊಡ್ಡ ದ್ವೀಪಗಳು ಕಾಣುತ್ತವೆ. ಇವುಗಳಿಗೆ ಹೆಬ್ರಿಡೀಸ್ ದ್ವೀಪಗಳು ಎಂದು ಹೆಸರು. ಅವುಗಳಲ್ಲಿ ಒಂದು ಜುರಾ. ಸುಮಾರು 30 ಮೈಲು ಉದ್ದದ ಈ ದ್ವೀಪದಲ್ಲಿ ಇರುವುದು ಒಂದೇ ಒಂದು ರಸ್ತೆ. ಇಲ್ಲಿ ಮನುಷ್ಯರ ಸಂಖ್ಯೆ ಕೆಲವೇ ನೂರು, ಕೆಂಪು ಜಿಂಕೆಗಳ ಸಂಖ್ಯೆ ಕೆಲವು ಸಾವಿರ. ದ್ವೀಪದ ಉತ್ತರದ ತುದಿಯಲ್ಲಿ, ರಸ್ತೆ ಮುಗಿದು ಬಂಡಿಜಾಡು ಮಾತ್ರ ಉಳಿಯುವ ಕಡೆ, ಕಡಲಿಗೆ ಮುಖಮಾಡಿ ಒಂದು ಬಿಳಿಯ ಮನೆ ನಿಂತಿದೆ. ಅದರ ಹೆಸರು ಬಾರ್ನ್‌ಹಿಲ್. 20ನೆಯ ಶತಮಾನದ ಬಹು ಪ್ರಸಿದ್ಧ ಕಾದಂಬರಿಗಳಲ್ಲಿ ಒಂದಾದ 'ನೈನ್ಟೀನ್ ಎಯ್ಟಿ-ಫೋರ್' ಹುಟ್ಟಿದ್ದು ಆ ಮನೆಯ ಮಹಡಿಯಲ್ಲಿ. ಬರೆದವರು ಜಾರ್ಜ್ ಆರ್ವೆಲ್.

ಆರ್ವೆಲ್ ಅವರ ಹೆಸರನ್ನು ನೀವು ಕೇಳಿರಬಹುದು. ಪ್ರಾಣಿಗಳು ಯಜಮಾನನನ್ನು ಓಡಿಸಿ ತಾವೇ ತೋಟವನ್ನು ಆಳುವ 'ಅನಿಮಲ್ ಫಾರ್ಮ್' ಕಥೆಯನ್ನು ಕೆಲವರಾದರೂ ಓದಿರಬಹುದು. ಆದರೆ ಈ ಲೇಖಕರು ಹುಟ್ಟಿದ್ದು ನಮ್ಮ ದೇಶದಲ್ಲಿ ಎಂಬುದು ಅನೇಕರಿಗೆ ತಿಳಿದಿಲ್ಲ. ಇಂದಿನ ಬಿಹಾರ ರಾಜ್ಯದ ಮೋತಿಹಾರಿ ಎಂಬ ಊರಿನಲ್ಲಿ 1903ರ ಜೂನ್ 25ರಂದು ಅವರು ಜನಿಸಿದರು. ತಂದೆ ರಿಚರ್ಡ್ ಬ್ಲೇರ್ ಬ್ರಿಟಿಷ್ ಸರ್ಕಾರದ ಅಫೀಮು ಇಲಾಖೆಯಲ್ಲಿ ಅಧಿಕಾರಿ. ತಾಯಿ ಐಡಾ. ಮಗುವಿಗೆ ಇಟ್ಟ ಹೆಸರು ಎರಿಕ್ ಆರ್ಥರ್ ಬ್ಲೇರ್. ಅಕ್ಕ ಮಾರ್ಜೊರಿ, ಮುಂದೆ ಹುಟ್ಟಿದ ತಂಗಿ ಆವ್ರಿಲ್. ಎರಿಕ್‌ಗೆ ವರ್ಷ ತುಂಬುವ ಹೊತ್ತಿಗೆ ತಾಯಿ ಮಕ್ಕಳನ್ನು ಕರೆದುಕೊಂಡು ಇಂಗ್ಲೆಂಡಿಗೆ ಮರಳಿದರು. ಹಳ್ಳಿಯ ಕೆರೆ ತೊರೆಗಳ ಬದಿಯಲ್ಲಿ ಗಾಳ ಹಾಕಿ ಕುಳಿತುಕೊಳ್ಳುವ ಹವ್ಯಾಸ ಆ ಬಾಲಕನಿಗೆ ಅಂಟಿದ್ದು ಆಗಲೇ. ಮುಂದೆ ಎಲ್ಲಿಗೆ ಹೋದರೂ ಅದು ಅವರನ್ನು ಬಿಡಲಿಲ್ಲ.

ಪ್ರಸಿದ್ಧವಾದ ಈಟನ್ ಶಾಲೆಯಲ್ಲಿ ವಿದ್ಯಾರ್ಥಿವೇತನ ಪಡೆದು ಓದಿದರೂ ಅವರು ಕಾಲೇಜಿಗೆ ಹೋಗಲಿಲ್ಲ. 1922ರಲ್ಲಿ ಪೊಲೀಸ್ ಅಧಿಕಾರಿಯಾಗಿ ಬರ್ಮಾ ದೇಶಕ್ಕೆ ಹೊರಟರು. ಐದು ವರ್ಷಗಳ ಕಾಲ ಆಳುವವರ ಪಕ್ಷದಲ್ಲಿ ನಿಂತು ಆಳಿಸಿಕೊಳ್ಳುವವರ ಬದುಕನ್ನು ಕಂಡರು. ತಾವು ಮಾಡುತ್ತಿರುವ ಕೆಲಸದ ಬಗೆಗೇ ಅವರಿಗೆ ಹೇಸಿಗೆ ಹುಟ್ಟಿತು. 1927ರಲ್ಲಿ ರಜೆಯ ಮೇಲೆ ಊರಿಗೆ ಬಂದವರು ನೌಕರಿಗೆ ರಾಜೀನಾಮೆ ಕೊಟ್ಟು ಬರಹಗಾರನಾಗುವೆನೆಂದು ಮನೆಯವರಿಗೆ ತಿಳಿಸಿದರು. ಒಳ್ಳೆಯ ಸಂಬಳದ ಸರ್ಕಾರಿ ಕೆಲಸವನ್ನು ಮಗ ಬಿಟ್ಟುಬಂದಾಗ ಯಾವ ತಂದೆ ತಾನೇ ಸಂತೋಷಪಟ್ಟಾರು? ಮುಂದಿನ ಕೆಲವು ವರ್ಷ ಅವರು ಲಂಡನ್ನಿನ ನಿರ್ಗತಿಕರ ನಡುವೆ, ಪ್ಯಾರಿಸ್ಸಿನ ಹೋಟೆಲುಗಳಲ್ಲಿ ಪಾತ್ರೆ ತೊಳೆಯುವವರ ನಡುವೆ ಬದುಕಿದರು. ಆ ಅನುಭವದ ಪುಸ್ತಕ 1933ರಲ್ಲಿ ಪ್ರಕಟವಾದಾಗ ಮೊದಲ ಬಾರಿಗೆ ಜಾರ್ಜ್ ಆರ್ವೆಲ್ ಎಂಬ ಹೆಸರನ್ನು ಇಟ್ಟುಕೊಂಡರು. ಆರ್ವೆಲ್ ಎಂಬುದು ಇಂಗ್ಲೆಂಡಿನ ಒಂದು ನದಿಯ ಹೆಸರು.

1936ರಲ್ಲಿ ಐಲೀನ್ ಎಂಬ ವಿದ್ಯಾವಂತ ತರುಣಿಯನ್ನು ಮದುವೆಯಾಗಿ ವಾಲಿಂಗ್ಟನ್ ಎಂಬ ಪುಟ್ಟ ಹಳ್ಳಿಯಲ್ಲಿ ಸಂಸಾರ ಹೂಡಿದರು. ತಗಡಿನ ಮಾಡಿನ ಹಳೆಯ ಬಾಡಿಗೆ ಮನೆ ಅದು. ಬಾಗಿಲುಗಳು ಗಿಡ್ಡ, ಆರ್ವೆಲ್ ಅವರ ಎತ್ತರ ಆರಡಿಗೂ ಮಿಕ್ಕು. ಮುಂಭಾಗದ ಕೋಣೆಯಲ್ಲಿ ಹಳ್ಳಿಯವರಿಗಾಗಿ ಒಂದು ಸಣ್ಣ ಅಂಗಡಿ ನಡೆಸುತ್ತ, ಕೋಳಿ ಮತ್ತು ಆಡುಗಳನ್ನು ಸಾಕುತ್ತ, ಉಳಿದ ಹೊತ್ತಿನಲ್ಲಿ ಬರೆಯುತ್ತ ಅವರು ದಿನ ಕಳೆದರು. ಮಣ್ಣಿನ ಕೆಲಸವೂ ಬರವಣಿಗೆಯೂ ಒಟ್ಟಿಗೆ ಸಾಗುವ ಬದುಕು ಅವರಿಗೆ ಒಗ್ಗಿದ್ದು ಇಲ್ಲಿಯೇ. ಆದರೆ ಅದೇ ವರ್ಷದ ಕೊನೆಯಲ್ಲಿ ಸ್ಪೇನ್ ದೇಶದ ಅಂತರ್ಯುದ್ಧದಲ್ಲಿ ಗಣರಾಜ್ಯದ ಪರವಾಗಿ ಹೋರಾಡಲು ಹೊರಟರು. 1937ರ ಮೇ ತಿಂಗಳಲ್ಲಿ ಗುಂಡೊಂದು ಅವರ ಕತ್ತನ್ನು ತೂರಿಕೊಂಡು ಹೋಯಿತು. ಕೂದಲೆಳೆಯ ಅಂತರದಲ್ಲಿ ಪ್ರಾಣ ಉಳಿಯಿತು. ಮರುವರ್ಷ ಕೆಮ್ಮಿದಾಗ ರಕ್ತ ಬಂದು ಆಸ್ಪತ್ರೆ ಸೇರಬೇಕಾಯಿತು. ಎಳವೆಯಿಂದಲೂ ದುರ್ಬಲವಾಗಿದ್ದ ಶ್ವಾಸಕೋಶ ಇನ್ನು ಮುಂದೆ ಅವರ ಪ್ರತಿಯೊಂದು ಯೋಜನೆಗೂ ಅಡ್ಡ ಬರತೊಡಗಿತು.

ಎರಡನೆಯ ಮಹಾಯುದ್ಧ ಆರಂಭವಾಯಿತು. 1940ರ ಜೂನ್ ತಿಂಗಳಲ್ಲಿ ಪ್ಯಾರಿಸ್ ನಗರ ಹಿಟ್ಲರನ ಸೈನ್ಯದ ವಶವಾಯಿತು. ಇನ್ನು ಬ್ರಿಟನ್ನಿನ ಸರದಿ ಎಂದು ಎಲ್ಲರೂ ಅಂಜಿದ್ದ ದಿನಗಳವು. ಆ ಜೂನ್ 20ರಂದು ಆರ್ವೆಲ್ ತಮ್ಮ ದಿನಚರಿಯಲ್ಲಿ ಯುದ್ಧದ ಸುದ್ದಿಗಳ ನಡುವೆ ಒಂದು ವಿಚಿತ್ರವಾದ ಮಾತನ್ನು ಬರೆದುಕೊಂಡರು. ಹೆಬ್ರಿಡೀಸ್‌ನ ತನ್ನ ದ್ವೀಪದ ನೆನಪೇ ಸದಾ ಬರುತ್ತಿದೆ, ಅದನ್ನು ತಾನು ಪಡೆಯುವುದೂ ಇಲ್ಲ, ಬಹುಶಃ ಕಣ್ಣಿನಿಂದ ನೋಡುವುದೂ ಇಲ್ಲ ಎಂಬುದು ಅದರ ಸಾರಾಂಶ. ಗಮನಿಸಿ, ಅವರು ಆ ವರೆಗೆ ಆ ದ್ವೀಪಗಳಲ್ಲಿ ಒಂದನ್ನೂ ಕಂಡಿರಲಿಲ್ಲ. ಆದರೂ ಮನಸ್ಸಿನಲ್ಲಿ ಅದು ಆಗಲೇ ತನ್ನದಾಗಿತ್ತು! ಕೈಯಲ್ಲಿ ಕಾಸಿಲ್ಲದ, ಎದೆಯಲ್ಲಿ ರೋಗವಿರುವ ಮನುಷ್ಯನೊಬ್ಬ ನಗರದ ಮೇಲೆ ಬಾಂಬು ಬೀಳಬಹುದಾದ ಕಾಲದಲ್ಲಿ ಕಾಣದ ದ್ವೀಪವೊಂದರ ಕನಸು ಕಾಣುತ್ತಿದ್ದ.

ಯುದ್ಧದ ವರ್ಷಗಳಲ್ಲಿ ಅವರು ಲಂಡನ್ನಿನಲ್ಲಿಯೇ ಉಳಿದರು. 1941ರಿಂದ 1943ರ ವರೆಗೆ ಬಿಬಿಸಿಯ ಪೂರ್ವ ವಿಭಾಗದಲ್ಲಿ ಭಾರತದ ಕೇಳುಗರಿಗಾಗಿ ಕಾರ್ಯಕ್ರಮಗಳನ್ನು ಸಿದ್ಧಪಡಿಸುವುದು ಅವರ ಉದ್ಯೋಗ. ನಮ್ಮ ಕಾದಂಬರಿಕಾರ ಮುಲ್ಕ್ ರಾಜ್ ಆನಂದ್ ಅವರೂ ಆ ಕಾರ್ಯಕ್ರಮಗಳಲ್ಲಿ ಭಾಗವಹಿಸುತ್ತಿದ್ದರು. ಬಳಿಕ ಪತ್ರಿಕೆಯೊಂದರ ಸಾಹಿತ್ಯ ಸಂಪಾದಕರಾಗಿ, ಹತ್ತಾರು ಪತ್ರಿಕೆಗಳ ಅಂಕಣಕಾರರಾಗಿ ದುಡಿದರು. ಸ್ವಂತ ಮಕ್ಕಳಿಲ್ಲದ ದಂಪತಿಗಳು 1944ರಲ್ಲಿ ಒಂದು ಹಸುಗೂಸನ್ನು ದತ್ತು ತೆಗೆದುಕೊಂಡು ರಿಚರ್ಡ್ ಎಂದು ಕರೆದರು. ಅದೇ ಜೂನ್ ತಿಂಗಳಲ್ಲಿ ಜರ್ಮನ್ ಹಾರುಬಾಂಬು ಬಿದ್ದು ಅವರ ಮನೆ ವಾಸಕ್ಕೆ ಯೋಗ್ಯವಲ್ಲದಂತಾಯಿತು. ಒಳಗಿದ್ದ 'ಅನಿಮಲ್ ಫಾರ್ಮ್'ನ ಹಸ್ತಪ್ರತಿಯನ್ನು ಅವಶೇಷಗಳ ನಡುವಿನಿಂದ ಹೆಕ್ಕಿ ತೆಗೆದರು. ಅದನ್ನು ಪ್ರಕಟಿಸಲು ಆಗ ಯಾರೂ ಸಿದ್ಧರಿರಲಿಲ್ಲ. ಒಬ್ಬರ ಬಳಿಕ ಒಬ್ಬರಂತೆ ಪ್ರಕಾಶಕರು ಅದನ್ನು ಹಿಂದಿರುಗಿಸುತ್ತಿದ್ದರು.

ದ್ವೀಪದ ಕನಸಿಗೆ ದಾರಿ ತೋರಿದವರು ಪತ್ರಿಕೋದ್ಯಮಿ ಮಿತ್ರ ಡೇವಿಡ್ ಆಸ್ಟರ್. ಅವರ ಮನೆತನಕ್ಕೆ ಜುರಾದಲ್ಲಿ ಜಮೀನಿತ್ತು. ಬಳಲಿ ಬೆಂಡಾದ ಗೆಳೆಯನಿಗೆ ಕೆಲವು ದಿನಗಳ ವಿಶ್ರಾಂತಿ ಸಿಗಲಿ ಎಂಬುದಷ್ಟೇ ಆಸ್ಟರ್ ಅವರ ಉದ್ದೇಶ. ಆರ್ವೆಲ್ ಅಲ್ಲಿಯೇ ಬೀಡುಬಿಟ್ಟಾರು ಎಂದು ಅವರು ಎಣಿಸಿರಲಿಲ್ಲ. ದ್ವೀಪದ ಉತ್ತರದ ಭಾಗ ಫ್ಲೆಚರ್ ಮನೆತನದ್ದು. ಅವರ ಬಾರ್ನ್‌ಹಿಲ್ ಎಂಬ ಹೊಲಮನೆ ಹಲವು ವರ್ಷಗಳಿಂದ ಪಾಳುಬಿದ್ದಿತ್ತು. ಐಲೀನ್ ಆ ಮನೆಯ ವಿಷಯವಾಗಿ ಪತ್ರವ್ಯವಹಾರ ನಡೆಸಿದರು. ಕೋಣೆಗಳೆಷ್ಟು, ದುರಸ್ತಿಗೆ ಏನೇನು ಆಗಬೇಕು ಎಂದೆಲ್ಲ ವಿಚಾರಿಸಿ ಉತ್ಸಾಹದಿಂದ ಗಂಡನಿಗೆ ತಿಳಿಸಿದರು. ಮಗುವನ್ನು ಹಳ್ಳಿಯ ಗಾಳಿಯಲ್ಲಿ ಬೆಳೆಸಬೇಕು, ಆರ್ವೆಲ್ ಪತ್ರಿಕೆಗಳ ದುಡಿಮೆಯನ್ನು ಬಿಟ್ಟು ಕಾದಂಬರಿ ಬರೆಯಬೇಕು ಎಂಬುದು ಆಕೆಯ ಬಯಕೆಯಾಗಿತ್ತು.

ಆಕೆ ಆ ಮನೆಯ ಹೊಸ್ತಿಲು ತುಳಿಯಲಿಲ್ಲ. 1945ರ ಮಾರ್ಚ್ 29ರಂದು ನ್ಯೂಕಾಸಲ್ ನಗರದಲ್ಲಿ ಶಸ್ತ್ರಚಿಕಿತ್ಸೆಗಾಗಿ ಅರಿವಳಿಕೆ ನೀಡಿದಾಗ ಐಲೀನ್ ತೀರಿಕೊಂಡರು. ವಯಸ್ಸು 39. ಆರ್ವೆಲ್ ಆಗ ಯುದ್ಧ ವರದಿಗಾರರಾಗಿ ಯುರೋಪಿನಲ್ಲಿದ್ದರು. ಹತ್ತು ತಿಂಗಳ ಮಗುವನ್ನು ನೀವೊಬ್ಬರೇ ಹೇಗೆ ಸಾಕುತ್ತೀರಿ, ಬೇರೆಯವರಿಗೆ ಕೊಟ್ಟುಬಿಡಿ ಎಂದು ಕೆಲವರು ಬುದ್ಧಿ ಹೇಳಿದರು. ಅವರು ಒಪ್ಪಲಿಲ್ಲ. ಆಗಸ್ಟ್ ತಿಂಗಳಲ್ಲಿ 'ಅನಿಮಲ್ ಫಾರ್ಮ್' ಕೊನೆಗೂ ಪ್ರಕಟವಾಗಿ ಅವರಿಗೆ ಹೆಸರನ್ನೂ ಮೊದಲ ಬಾರಿಗೆ ಸಾಕಷ್ಟು ಹಣವನ್ನೂ ತಂದಿತು. ಅದನ್ನು ನೋಡಿ ಸಂತೋಷಪಡಬೇಕಾದವರು ಇರಲಿಲ್ಲ. ಸೆಪ್ಟೆಂಬರಿನಲ್ಲಿ ಅವರು ಮೊದಲ ಸಲ ಜುರಾಕ್ಕೆ ಹೋಗಿಬಂದರು. ಮುಂದಿನ ಚಳಿಗಾಲವನ್ನು ಲಂಡನ್ನಿನಲ್ಲಿ ಕಳೆದದ್ದು ಲೇಖನಗಳ ರಾಶಿಯ ನಡುವೆ. ಒಂದೇ ವರ್ಷದಲ್ಲಿ ನೂರಕ್ಕೂ ಮಿಕ್ಕಿ ಲೇಖನಗಳನ್ನು ಬರೆದರೆಂದರೆ ಆ ದುಡಿಮೆಯನ್ನು ನೀವೇ ಊಹಿಸಿರಿ. ದುಃಖವನ್ನು ಬಾಯಿಬಿಟ್ಟು ಹೇಳುವ ಸ್ವಭಾವ ಅವರದಲ್ಲ. ಕೆಲಸದಲ್ಲಿ ಮುಳುಗುವುದೇ ಅವರಿಗೆ ತಿಳಿದಿದ್ದ ದಾರಿ.

1946ರ ಮೇ ತಿಂಗಳ ಆರಂಭದಲ್ಲಿ ಅಕ್ಕ ಮಾರ್ಜೊರಿಯೂ ತೀರಿಕೊಂಡರು. ಅದೇ ತಿಂಗಳ ಕೊನೆಯಲ್ಲಿ ಆರ್ವೆಲ್ ಜುರಾಕ್ಕೆ ಹೊರಟರು. ದಾರಿಯಲ್ಲಿ ನ್ಯೂಕಾಸಲ್‌ನಲ್ಲಿ ಇಳಿದು, ಹೆಂಡತಿಯ ಸಮಾಧಿಯ ಬಳಿ ನೆಟ್ಟಿದ್ದ ಗುಲಾಬಿಗಳು ಬೇರು ಬಿಟ್ಟಿವೆಯೇ ಎಂದು ನೋಡಿಕೊಂಡು ಮುಂದೆ ನಡೆದರು.

ಲಂಡನ್ನಿನಿಂದ ಬಾರ್ನ್‌ಹಿಲ್‌ಗೆ ತಲಪುವುದು ಎಂಥ ಪ್ರಯಾಣವೆಂಬುದನ್ನು ಸ್ವಲ್ಪ ನೋಡೋಣ. ಮೊದಲು ರೈಲಿನಲ್ಲಿ ಗ್ಲಾಸ್ಗೋ ನಗರ. ಅಲ್ಲಿಂದ ಇನ್ನೊಂದು ರೈಲು ಹಿಡಿದು ಬಂದರು. ಬಂದರಿನಿಂದ ಹಡಗು. ಹಡಗಿನಿಂದ ಇಳಿದು ಬಸ್ಸು. ಬಸ್ಸಿನಿಂದ ಇಳಿದು ಮತ್ತೊಂದು ಹಡಗು. ಜುರಾದ ಕ್ರೇಗ್‌ಹೌಸ್ ಎಂಬ ಹಳ್ಳಿಯಲ್ಲಿ ಇಳಿದ ಮೇಲೆ ಬಾಡಿಗೆ ಕಾರು. ಕಾರು ಆರ್ಡ್‌ಲುಸ್ಸಾ ಎಂಬಲ್ಲಿಗೆ ನಿಂತುಬಿಡುತ್ತದೆ. ಉಳಿದ ಏಳೆಂಟು ಮೈಲು ಕೆಸರು, ಕಲ್ಲು, ಜೌಗು ತುಂಬಿದ ಜಾಡಿನಲ್ಲಿ ಕಾಲ್ನಡಿಗೆ. ಒಟ್ಟು ಎರಡು ದಿನ ಬೇಕು. ಆರ್ವೆಲ್ ತಮ್ಮ ಗೆಳೆಯರಿಗೆ ಈ ದಾರಿಯನ್ನೆಲ್ಲ ಒಂದೊಂದಾಗಿ ವಿವರಿಸಿ, ಬರುವುದು ಬಹಳ ಸುಲಭ, ಕೊನೆಯಲ್ಲಿ ಸ್ವಲ್ಪ ನಡೆಯಬೇಕಾಗುತ್ತದೆ ಅಷ್ಟೆ ಎಂಬ ಧಾಟಿಯಲ್ಲಿ ಆಹ್ವಾನ ಪತ್ರ ಬರೆಯುತ್ತಿದ್ದರು! ಅಚ್ಚರಿಯೆಂದರೆ ಬಹಳ ಮಂದಿ ಬಂದರು ಕೂಡ.

ಮನೆಯಲ್ಲಿ ವಿದ್ಯುತ್ತು ಇರಲಿಲ್ಲ, ದೂರವಾಣಿ ಇರಲಿಲ್ಲ. ನಾವು ಚಿಮಿಣಿ ಎಣ್ಣೆ ಎನ್ನುತ್ತೇವಲ್ಲ, ಅದರ ದೀಪಗಳೇ ಬೆಳಕು. ಅಂಚೆ ವಾರದಲ್ಲಿ ಕೆಲವು ದಿನ ಮಾತ್ರ. ಒಂದು ಮೈಲು ಆಚೆ ಇದ್ದ ಕೃಷಿಕರೇ ಹತ್ತಿರದ ನೆರೆಯವರು. ಹಾಲಿಗೆ ಅಲ್ಲಿಗೆ ನಡೆದುಹೋಗಬೇಕಿತ್ತು. ಒಲೆಗೆ ಕಲ್ಲಿದ್ದಲು ಸಾಲದು. ಆದ್ದರಿಂದ ಪೀಟ್ ಕಡಿಯುವುದನ್ನು ಕಲಿತರು. ಜೌಗು ನೆಲದಲ್ಲಿ ಸಾವಿರಾರು ವರ್ಷಗಳಿಂದ ಕೊಳೆತು ಕೂಡಿದ ಸಸ್ಯಗಳ ಕಪ್ಪು ಮಣ್ಣನ್ನು ಇಟ್ಟಿಗೆಯಂತೆ ಕಡಿದು ಒಣಗಿಸಿದರೆ ಅದು ಉರುವಲಾಗುತ್ತದೆ. ಅದಕ್ಕೇ ಪೀಟ್ ಎಂದು ಹೆಸರು. ಮನೆಯ ಸುತ್ತ ಆಳೆತ್ತರ ಬೆಳೆದ ಕಳೆಯನ್ನು ಆರ್ವೆಲ್ ತಮ್ಮ ಕೈಯಿಂದಲೇ ಕೊಯ್ದರು. ತಂಗಿ ಆವ್ರಿಲ್ ಬಂದು ಅಡುಗೆಮನೆಯ ಭಾರವನ್ನು ಹೊತ್ತರು. ಪುಟ್ಟ ರಿಚರ್ಡ್‌ನನ್ನೂ ಕರೆತಂದರು. ಯುದ್ಧ ಮುಗಿದಿದ್ದರೂ ಆಗ ಬ್ರಿಟನ್ನಿನಲ್ಲಿ ಪಡಿತರ ನಿಂತಿರಲಿಲ್ಲ, ರೊಟ್ಟಿಗೂ ಪಡಿತರ ಚೀಟಿ ಬೇಕಾಗಿತ್ತು. ಜುರಾದಲ್ಲಿ ಮಾತ್ರ ಸಮುದ್ರ ಕೈಬಿಡಲಿಲ್ಲ. ಸಂಜೆ ದೋಣಿಯಲ್ಲಿ ಹೊರಟರೆ ಬಂಗುಡೆ ಜಾತಿಯ ಮೀನುಗಳು ಸಿಗುತ್ತಿದ್ದವು, ಬುಟ್ಟಿಯಿಟ್ಟರೆ ದೊಡ್ಡ ಕಡಲಸಿಗಡಿಗಳು ಬೀಳುತ್ತಿದ್ದವು.

ಅವರ ಜುರಾ ದಿನಚರಿಗಳು ಪುಸ್ತಕವಾಗಿ ಬಂದಿವೆ. ಜಗತ್ತಿನ ದೊಡ್ಡ ಚಿಂತಕರೊಬ್ಬರ ದಿನಚರಿಯಲ್ಲವೇ, ಗಂಭೀರ ವಿಚಾರಗಳಿರಬಹುದು ಎಂದು ತೆರೆದು ನೋಡಿದವರಿಗೆ ನಿರಾಶೆಯಾದೀತು. ಇಂದು ಕೋಳಿ ಇಟ್ಟ ಮೊಟ್ಟೆಗಳೆಷ್ಟು, ಗಾಳಿ ಯಾವ ದಿಕ್ಕಿನಿಂದ ಬೀಸಿತು, ಸೀಮೆಎಣ್ಣೆ ಎಷ್ಟು ಉಳಿದಿದೆ, ಜಿಂಕೆ ಯಾವ ಬೇಲಿಯನ್ನು ಹಾರಿತು, ಹಟ್ಟಿಯಲ್ಲಿ ಇಲಿ ಬಿದ್ದಿತೇ, ಹೀಗೆ ಪುಟಪುಟಗಳು. ನನಗೇನೋ ಈ ಪುಟಗಳು ಅವರ ಎಷ್ಟೋ ಲೇಖನಗಳಿಗಿಂತ ಹೆಚ್ಚು ಪ್ರಿಯ. ಕೈತೋಟದ ಲೆಕ್ಕವನ್ನು ಇಷ್ಟು ಪ್ರಾಮಾಣಿಕವಾಗಿ ಬರೆಯುವ ಮನುಷ್ಯ ದೇಶದ ಲೆಕ್ಕದಲ್ಲಿಯೂ ಸುಳ್ಳನ್ನು ಸಹಿಸಲಾರ ಎಂದು ಅನ್ನಿಸುತ್ತದೆ. ಮೋಟರ್ ಸೈಕಲ್ಲೊಂದನ್ನು ತರಿಸಿಕೊಂಡಿದ್ದರು. ಅದು ಓಡಿದ್ದಕ್ಕಿಂತ ಕೆಟ್ಟು ನಿಂತದ್ದೇ ಹೆಚ್ಚು. ಜಾಡಿನ ಬದಿಯಲ್ಲಿ ಬಿಡಿಭಾಗಗಳನ್ನು ಹರಡಿಕೊಂಡು ಕುಳಿತ ಉದ್ದನೆಯ ವ್ಯಕ್ತಿಯನ್ನು ದ್ವೀಪದ ಜನ ಎಷ್ಟೋ ಸಲ ಕಂಡಿದ್ದರು. ಅಲ್ಲಿನವರಿಗೆ ಅವರು ಆರ್ವೆಲ್ ಅಲ್ಲ, ಬ್ಲೇರ್. ಮಾತು ಕಡಿಮೆ, ಮರ್ಯಾದಸ್ಥ, ನೋಡಲು ಸ್ವಲ್ಪ ಸೊರಗಿದ ಮನುಷ್ಯ, ಇಷ್ಟೇ ಅವರ ಪರಿಚಯ.

ಅವರು ಹಣ್ಣಿನ ಗಿಡಗಳನ್ನೂ ನೆಟ್ಟರು. ಸೇಬಿನ ಸಸಿ ಫಲ ಕೊಡಲು ವರ್ಷಗಳೇ ಬೇಕು. ಬಾಡಿಗೆಗೆ ಪಡೆದ ಮನೆಯಲ್ಲಿ, ರೋಗಿಷ್ಠ ಶರೀರವನ್ನು ಇಟ್ಟುಕೊಂಡು ಹಾಗೆ ನೆಡುವವರು ಅಲ್ಲಿಂದ ಕದಲುವ ಯೋಚನೆ ಮಾಡಿರಲಾರರು. ಆ ಮನೆ ಕಾಗದಪತ್ರದಲ್ಲಿ ಎಂದಿಗೂ ಅವರದಾಗಲಿಲ್ಲ ನಿಜ. ಮಾಲಿಕರು ಬೇರೆ, ಇವರು ಗೇಣಿದಾರರು. ಆದರೆ ಕಾಲು ಕಳೆದುಕೊಂಡಿದ್ದ ಮಾಜಿ ಸೈನಿಕ ಬಿಲ್ ಡನ್ ಎಂಬ ತರುಣ ಅಲ್ಲಿಗೆ ಬಂದು ಸೇರಿ, ಸುತ್ತಲಿನ ಹೊಲ ಮತ್ತೆ ಉಳುಮೆ ಕಂಡಾಗ, ಹಟ್ಟಿಗೆ ಹಸು ಬಂದಾಗ, ಪಾಳುಮನೆ ಸಂಸಾರದ ಮನೆಯಾಯಿತು. ರಿಚರ್ಡ್ ಕೆಸರಿನಲ್ಲಿ ಆಡುತ್ತ ಬೆಳೆದ. ಕುಡಿಯುವ ಹಾಲನ್ನು ಚೆನ್ನಾಗಿ ಕುದಿಸಬೇಕೆಂದು ಆರ್ವೆಲ್ ಕಟ್ಟುನಿಟ್ಟು ಮಾಡುತ್ತಿದ್ದರು. ಹಸುವಿನಿಂದ ಕ್ಷಯ ಬಂದೀತೆಂಬ ಭಯ ಮಗನ ವಿಷಯದಲ್ಲಿ ಇತ್ತು. ತಮ್ಮ ಎದೆಯೊಳಗಿನದನ್ನು ಮಾತ್ರ ವೈದ್ಯರಿಗೆ ತೋರಿಸಲು ಹಿಂದೇಟು ಹಾಕುತ್ತ, ಸ್ವತಃ ಸುತ್ತಿದ ಕಟುವಾದ ಹೊಗೆಸೊಪ್ಪಿನ ಸಿಗರೇಟನ್ನು ಸೇದುತ್ತಲೇ ಇದ್ದರು.

ಈಗ ಒಂದು ಅಪಾಯದ ಕಥೆ. ಜುರಾದ ಉತ್ತರ ತುದಿಗೂ ಸ್ಕಾರ್ಬಾ ಎಂಬ ಇನ್ನೊಂದು ದ್ವೀಪಕ್ಕೂ ನಡುವೆ ಕೊರಿವ್ರೆಕನ್ ಎಂಬ ಕಡಲಸುಳಿ ಇದೆ. ಜಗತ್ತಿನ ದೊಡ್ಡ ಸುಳಿಗಳಲ್ಲಿ ಇದೂ ಒಂದು. ಭರತ ಇಳಿತಗಳ ವೇಳೆಯನ್ನು ತಿಳಿಯದೆ ಅಲ್ಲಿಗೆ ಹೋದ ದೋಣಿಗೆ ಉಳಿಗಾಲವಿಲ್ಲ. ಮಳೆಗಾಲದಲ್ಲಿ ಹೊಳೆ ಕಡಲನ್ನು ಸೇರುವ ಅಳಿವೆಬಾಗಿಲನ್ನು ನೋಡಿದ ನಿಮಗೆ ನೀರಿನ ಆ ಬಗೆಯ ಕೋಪವನ್ನು ವಿವರಿಸಬೇಕಾಗಿಲ್ಲ. 1947ರ ಆಗಸ್ಟ್ ತಿಂಗಳಲ್ಲಿ ತೀರಿಹೋದ ಅಕ್ಕನ ಮಕ್ಕಳು ರಜೆಗೆಂದು ಮಾವನ ಮನೆಗೆ ಬಂದಿದ್ದರು. ಎಲ್ಲರೂ ದ್ವೀಪದ ಪಡುವಣ ದಡದಲ್ಲಿ ಕೆಲವು ದಿನ ಬೀಡುಬಿಟ್ಟು ಕಳೆದರು. ಹಿಂದಿರುಗುವಾಗ ಆವ್ರಿಲ್ ಮತ್ತು ಒಬ್ಬ ಸೋದರ ಸೊಸೆ ಗುಡ್ಡ ದಾಟಿ ನಡೆದುಬಂದರು. ಆರ್ವೆಲ್, ಮೂರು ವರ್ಷದ ರಿಚರ್ಡ್, ಸೋದರಳಿಯ ಹೆನ್ರಿ ಮತ್ತು ಸೋದರ ಸೊಸೆ ಲೂಸಿ ದೋಣಿಯಲ್ಲಿ ಹೊರಟರು. ಆರ್ವೆಲ್ ಉಬ್ಬರದ ವೇಳಾಪಟ್ಟಿಯನ್ನು ತಪ್ಪಾಗಿ ಓದಿದ್ದರು.

ಸುಳಿಯ ಅಂಚಿಗೆ ಬಂದೊಡನೆ ದೋಣಿ ಅತ್ತಿತ್ತ ಎಸೆಯಲ್ಪಟ್ಟಿತು. ಯಂತ್ರ ಕಿತ್ತು ಕಡಲ ತಳ ಸೇರಿತು. ಹೆನ್ರಿ ಹುಟ್ಟುಹಾಕಿ ಹೇಗೋ ಒಂದು ಬಂಡೆದ್ವೀಪದ ಬಳಿಗೆ ದೋಣಿಯನ್ನು ತಂದ. ಅವನು ಹಗ್ಗ ಹಿಡಿದು ಬಂಡೆಗೆ ಹಾರುವುದಕ್ಕೂ ದೋಣಿ ಮಗುಚುವುದಕ್ಕೂ ಸರಿಹೋಯಿತು. ಉಳಿದ ಮೂವರೂ ಅದರ ಅಡಿಯಲ್ಲಿ! ಆರ್ವೆಲ್ ಮಗುವನ್ನು ಹಿಡಿದೆಳೆದುಕೊಂಡು ಮೇಲೆ ಬಂದರು. ಲೂಸಿಯೂ ಪಾರಾದಳು. ಆಹಾರವಿಲ್ಲ, ದೋಣಿಯಿಲ್ಲ, ನಾಲ್ಕೂ ಕಡೆ ನೀರು. ಆರ್ವೆಲ್ ಒದ್ದೆಯಾದ ಸಿಗರೇಟ್ ಲೈಟರನ್ನು ಒಣಗಿಸಿ ಬೆಂಕಿ ಹೊತ್ತಿಸಿದರು. ಬಳಿಕ ತಿನ್ನಲು ಏನಾದರೂ ಸಿಕ್ಕೀತೇ ಎಂದು ನೋಡಲು ಹೋದವರು ಬಂಡೆಯ ಮೇಲಿನ ಕಡಲಹಕ್ಕಿಗಳನ್ನು ಕುತೂಹಲದಿಂದ ಗಮನಿಸಿ ಬಂದರಂತೆ. ಸುದೈವದಿಂದ ಸಿಗಡಿ ಹಿಡಿಯುವ ಬೆಸ್ತರ ದೋಣಿಯೊಂದು ಅತ್ತ ಬಂದು ಅವರನ್ನು ಕಂಡಿತು. ಬರಿಗಾಲಿನಲ್ಲಿ ಮನೆಗೆ ನಡೆದು ಬಂದಾಗ ಅಂದಿನ ಕೃಷಿಕೆಲಸ ಕಾದಿತ್ತು. ಆ ರಾತ್ರಿಯ ದಿನಚರಿಯಲ್ಲಿ ಸಾವಿನ ಬಾಯಿಂದ ಪಾರಾದ ಈ ಸಂಗತಿಗೆ ಸಿಕ್ಕಿದ್ದು ಕೆಲವೇ ಸಾಲುಗಳು.

ಈ ಎಲ್ಲ ಕೆಲಸಗಳ ನಡುವೆ ಮಹಡಿಯ ಕೋಣೆಯಿಂದ ಟೈಪ್‌ರೈಟರಿನ ಸದ್ದು ಕೇಳುತ್ತಲೇ ಇತ್ತು. ಮೊದಲು ಆ ಕಾದಂಬರಿಗೆ 'ಯುರೋಪಿನ ಕೊನೆಯ ಮನುಷ್ಯ' ಎಂಬ ಹೆಸರನ್ನು ಯೋಚಿಸಿದ್ದರು. 1947ರ ನವೆಂಬರಿನಲ್ಲಿ ಮೊದಲ ಕರಡು ಮುಗಿಯುವ ವೇಳೆಗೆ ಅವರು ಹಾಸಿಗೆ ಹಿಡಿದಿದ್ದರು. ಡಿಸೆಂಬರಿನಲ್ಲಿ ಗ್ಲಾಸ್ಗೋ ಸಮೀಪದ ಹೇರ್‌ಮೈರ್ಸ್ ಆಸ್ಪತ್ರೆಗೆ ಸೇರಿಸಿದಾಗ ಕ್ಷಯರೋಗವೆಂದು ಖಚಿತವಾಯಿತು. ಸ್ಟ್ರೆಪ್ಟೊಮೈಸಿನ್ ಎಂಬ ಔಷಧಿ ಆಗಷ್ಟೇ ಅಮೆರಿಕದಲ್ಲಿ ಬಳಕೆಗೆ ಬಂದಿತ್ತು. ಬ್ರಿಟನ್ನಿನಲ್ಲಿ ಅದು ದುರ್ಲಭ. ಆಸ್ಟರ್ ಅವರ ನೆರವಿನಿಂದ ಅದನ್ನು ತರಿಸಿದರು. ಆದರೆ ಆರ್ವೆಲ್ ಅವರ ಶರೀರ ಅದನ್ನು ತಾಳಲಿಲ್ಲ. ಚರ್ಮ ಸುಲಿಯಿತು, ಬಾಯಿಯಲ್ಲಿ ಹುಣ್ಣಾಯಿತು, ಕೂದಲು ಉದುರಿತು. ಔಷಧಿಯನ್ನು ನಿಲ್ಲಿಸಬೇಕಾಯಿತು. ಉಳಿದದ್ದನ್ನು ಬೇರೆ ರೋಗಿಗಳಿಗೆ ಕೊಟ್ಟರು. ಅದೇ ಔಷಧಿ ಕೆಲವೇ ವರ್ಷಗಳಲ್ಲಿ ಇತರ ಔಷಧಿಗಳೊಡನೆ ಸೇರಿ ಲಕ್ಷಾಂತರ ಕ್ಷಯರೋಗಿಗಳ ಪ್ರಾಣ ಉಳಿಸಿತು. ಆರ್ವೆಲ್ ಹುಟ್ಟಿದ್ದು ಸ್ವಲ್ಪ ಬೇಗ.

1948ರ ಜುಲೈಯಲ್ಲಿ ಸ್ವಲ್ಪ ಚೇತರಿಸಿಕೊಂಡು ಮನೆಗೆ ಬಂದರು. ನಗರದಲ್ಲಿಯೇ, ಆಸ್ಪತ್ರೆಯ ಸಮೀಪದಲ್ಲಿಯೇ ಉಳಿಯುವುದು ವಿವೇಕವಾಗಿತ್ತು. ಅವರು ಜುರಾಕ್ಕೇ ಹಿಂದಿರುಗಿದರು. ಕಾದಂಬರಿಯ ಕರಡು ತಿದ್ದುಪಡಿಗಳಿಂದ ಎಷ್ಟು ತುಂಬಿತ್ತೆಂದರೆ, ಬರೆದವರ ಹೊರತು ಬೇರೆಯವರು ಅದನ್ನು ಓದುವಂತಿರಲಿಲ್ಲ. ಬೆರಳಚ್ಚುಗಾರ್ತಿಯೊಬ್ಬರು ದ್ವೀಪಕ್ಕೆ ಬಂದು ಇವರ ಬಳಿಯೇ ಕುಳಿತು ಪ್ರತಿ ಮಾಡಬೇಕಿತ್ತು. ಲಂಡನ್ನಿನಿಂದ ಅಷ್ಟು ದೂರಕ್ಕೆ ಬರಲು ಯಾರೂ ಸಿಗಲಿಲ್ಲ. ಬಯಸಿ ಬಯಸಿ ಪಡೆದ ಏಕಾಂತಕ್ಕೆ ತೆರಬೇಕಾದ ಬೆಲೆ ಇದು. ಕೊನೆಗೆ ತಾವೇ ಟೈಪ್ ಮಾಡತೊಡಗಿದರು. ಹೊಗೆಯುಗುಳುವ ಎಣ್ಣೆಯ ಒಲೆಯಿದ್ದ ಕೋಣೆಯಲ್ಲಿ, ಜ್ವರದ ಮೈಯಲ್ಲಿ, ಹಾಸಿಗೆಯ ಮೇಲೆ ಕುಳಿತು, ಕೆಮ್ಮುತ್ತ, ಪುಟದ ಮೇಲೆ ಪುಟ. ಡಿಸೆಂಬರ್ ಆರಂಭದಲ್ಲಿ ಕೆಲಸ ಮುಗಿಯಿತು. ಅವರೂ ಮುಗಿದಂತಾಗಿದ್ದರು. ಆ ದ್ವೀಪವೇ ಅವರನ್ನು ಕೊಂದಿತು ಎಂದು ಹೇಳುವವರಿದ್ದಾರೆ. ನಾನು ಹಾಗೆ ಭಾವಿಸುವುದಿಲ್ಲ. ಲಂಡನ್ನಿನ ಹೊಗೆಮಂಜು ಅವರ ಶ್ವಾಸಕೋಶಕ್ಕೆ ಹಿತವಾಗಿರಲಿಲ್ಲ, ಅಲ್ಲಿದ್ದರೆ ಈ ಕಾದಂಬರಿಗೆ ಬಿಡುವೂ ಸಿಗುತ್ತಿರಲಿಲ್ಲ. ಆದರೆ ಆ ಎರಡು ತಿಂಗಳು ಮಲಗಿ ವಿಶ್ರಾಂತಿ ಪಡೆದಿದ್ದರೆ ಇನ್ನಷ್ಟು ಕಾಲ ಇರುತ್ತಿದ್ದರೇನೋ.

ಆ ಕಾದಂಬರಿ ಎಂಥದು? ಪ್ರತಿ ಮನೆಯ ಗೋಡೆಯಲ್ಲಿ ಸರ್ಕಾರದ ಕಣ್ಣಿರುವ ನಾಡಿನ ಕಥೆ ಅದು. ಅಲ್ಲಿ ಹಳೆಯ ಪತ್ರಿಕೆಗಳನ್ನು ತಿದ್ದಿ ಇತಿಹಾಸವನ್ನೇ ಬದಲಾಯಿಸುತ್ತಾರೆ. ವರ್ಷವರ್ಷವೂ ನಿಘಂಟಿನಿಂದ ಪದಗಳನ್ನು ಕಡಿಮೆ ಮಾಡುತ್ತ, ಜನರು ಬೇರೆಯಾಗಿ ಯೋಚಿಸಲು ಮಾತೇ ಉಳಿಯದಂತೆ ನೋಡಿಕೊಳ್ಳುತ್ತಾರೆ. ಗಡಿನಾಡಿನಲ್ಲಿ ಕುಳಿತು ನಮ್ಮ ಭಾಷೆಯಲ್ಲಿ ಓದುತ್ತಿರುವ ನಮಗೆ ಈ ಭಾಗ ಬೇಗ ಅರ್ಥವಾಗುತ್ತದೆ. ಕಥಾನಾಯಕ ವಿನ್‌ಸ್ಟನ್ ಒಂದು ಹಳೆಯ ಸಾಮಾನಿನ ಅಂಗಡಿಯ ಮೇಲಿರುವ ಕೋಣೆಯನ್ನು ಬಾಡಿಗೆಗೆ ಪಡೆಯುತ್ತಾನೆ. ಧೂಳು ತುಂಬಿದ, ತಿಗಣೆ ಹರಿಯುವ, ಹಳೆಯ ಕಾಲದ ಕೋಣೆ. ಅಲ್ಲಿ ಸರ್ಕಾರದ ಕಣ್ಣಿಲ್ಲವೆಂದು ಅವನು ನಂಬಿ, ಪ್ರೀತಿಸಿದವಳೊಡನೆ ಕೆಲವು ಗಂಟೆ ಮನುಷ್ಯನಂತೆ ಬದುಕುತ್ತಾನೆ. ಅಲ್ಲಿಯೂ ಗೋಡೆಯ ಚಿತ್ರದ ಹಿಂದೆ ಕಣ್ಣಿತ್ತು ಎಂಬುದು ಕೊನೆಗೆ ಗೊತ್ತಾಗುತ್ತದೆ. ಯಾರ ಕಣ್ಣೂ ಬೀಳದ ಮನೆಯಲ್ಲಿ ಕುಳಿತು ಆರ್ವೆಲ್ ಇದನ್ನು ಬರೆದರು.

1948ರ ಡಿಸೆಂಬರ್ 24ರ ದಿನಚರಿಯೇ ಜುರಾದ ಕೊನೆಯ ದಿನಚರಿ. ಹಿಮಹೂಗಳು ಅಲ್ಲಲ್ಲಿ ತಲೆಯೆತ್ತಿವೆ, ಟ್ಯುಲಿಪ್ ಗಿಡಗಳು ಮೂಡುತ್ತಿವೆ ಎಂಬ ವಿವರಗಳು ಅದರಲ್ಲಿವೆ. 1949ರ ಜನವರಿಯಲ್ಲಿ ಅವರನ್ನು ಆರೋಗ್ಯಧಾಮಕ್ಕೆ ಕರೆದೊಯ್ಯಲು ಹೊರಟಾಗ ಕಾರು ಆ ಕುಖ್ಯಾತ ಜಾಡಿನಲ್ಲಿ ಸಿಕ್ಕಿಬಿದ್ದಿತು. ಸಹಾಯ ಬರುವ ತನಕ ತಂದೆ ಮಗ ಕತ್ತಲೆಯಲ್ಲಿ ಕಾರಿನೊಳಗೆ ಕುಳಿತರು. ತಂದೆ ಕಥೆ ಹೇಳುತ್ತ, ಮಿಠಾಯಿ ಕೊಡುತ್ತ ಹುಡುಗನನ್ನು ಸಮಾಧಾನಪಡಿಸಿದರು. ಆಸ್ಪತ್ರೆಯಲ್ಲಿ ರೋಗ ಅಂಟೀತೆಂದು ಮಗನನ್ನು ಹತ್ತಿರ ಸೇರಿಸುತ್ತಿರಲಿಲ್ಲವಾದ್ದರಿಂದ ಅಷ್ಟು ಹೊತ್ತು ಅವರು ಹಾಗೆ ಜೊತೆಯಾಗಿ ಕುಳಿತದ್ದು ಹೆಚ್ಚು ಸಲ ಇರಲಾರದು. ಜೂನ್ 8ರಂದು ಕಾದಂಬರಿ ಪ್ರಕಟವಾಯಿತು. ಕೂಡಲೇ ಅಟ್ಲಾಂಟಿಕ್ ಸಾಗರದ ಎರಡೂ ದಡಗಳಲ್ಲಿ ಅದು ಮನೆಮಾತಾಯಿತು. ಅಕ್ಟೋಬರಿನಲ್ಲಿ ಆಸ್ಪತ್ರೆಯ ಹಾಸಿಗೆಯಲ್ಲಿಯೇ ಸೋನಿಯಾ ಬ್ರೌನೆಲ್ ಅವರೊಡನೆ ಮದುವೆಯಾಯಿತು. ಸ್ವಿಟ್ಜರ್ಲೆಂಡಿನ ಆರೋಗ್ಯಧಾಮಕ್ಕೆ ಹೋಗುವುದೆಂದು ನಿಶ್ಚಯವಾಗಿ, ಅಲ್ಲಿ ಮೀನು ಹಿಡಿಯಲೆಂದು ಗಾಳದ ಕೋಲನ್ನೂ ತರಿಸಿ ಕೋಣೆಯ ಮೂಲೆಯಲ್ಲಿ ಇರಿಸಿದ್ದರು. 1950ರ ಜನವರಿ 21ರಂದು ಲಂಡನ್ನಿನ ಆ ಆಸ್ಪತ್ರೆಯಲ್ಲಿ ಅವರು ಕೊನೆಯುಸಿರೆಳೆದರು. ವಯಸ್ಸು 46.

ಸಟನ್ ಕೋರ್ಟ್ನಿ ಎಂಬ ಹಳ್ಳಿಯ ಇಗರ್ಜಿಯ ಅಂಗಳದಲ್ಲಿ ಅವರ ಸಮಾಧಿಗೆ ಜಾಗ ದೊರಕಿಸಿಕೊಟ್ಟವರೂ ಡೇವಿಡ್ ಆಸ್ಟರ್ ಅವರೇ. ಕಲ್ಲಿನ ಮೇಲೆ ಎರಿಕ್ ಆರ್ಥರ್ ಬ್ಲೇರ್ ಎಂಬ ಹೆಸರು, ಹುಟ್ಟಿದ ಮತ್ತು ತೀರಿಕೊಂಡ ದಿನಾಂಕಗಳು ಮಾತ್ರ ಇವೆ. ಜಗತ್ತು ಬಲ್ಲ ಹೆಸರು ಅಲ್ಲಿಲ್ಲ. ಆವ್ರಿಲ್ ಮತ್ತು ಬಿಲ್ ಡನ್ 1951ರಲ್ಲಿ ಮದುವೆಯಾಗಿ ರಿಚರ್ಡ್‌ನನ್ನು ಸಾಕಿದರು. ಅವನು ಸ್ಕಾಟ್ಲೆಂಡಿನ ಹೊಲಗದ್ದೆಗಳ ನಡುವೆಯೇ ಬೆಳೆದು ಮುಂದೆ ಕೃಷಿಯಂತ್ರಗಳ ಕ್ಷೇತ್ರದಲ್ಲಿ ದುಡಿದನು. ಮೋತಿಹಾರಿಯಲ್ಲಿ ಆರ್ವೆಲ್ ಹುಟ್ಟಿದ ಮನೆ ಬಹುಕಾಲ ಹಂಚು ಕುಸಿದು, ದನಗಳು ಅಡ್ಡಾಡುವ ಪಾಳುಮನೆಯಾಗಿತ್ತು. ಬಳಿಕ ಬಿಹಾರ ಸರ್ಕಾರ ಅದನ್ನು ಸಂರಕ್ಷಿಸಲು ಮುಂದಾಯಿತು. ಬಾರ್ನ್‌ಹಿಲ್‌ಗೆ ಇಂದಿಗೂ ಒಳ್ಳೆಯ ರಸ್ತೆಯಿಲ್ಲ. ಅದನ್ನು ನೋಡಲು ಬಯಸುವವರು ಕಲ್ಲುಜಾಡಿನಲ್ಲಿ ಹಲವು ಮೈಲು ನಡೆಯಬೇಕು. ನಡೆದು ಹೋದವರಿಗೆ ಮೊದಲು ಕಡಲು ಕಾಣುತ್ತದೆ, ಆಮೇಲೆ ಇಳಿಜಾರಿನ ಕೆಳಗೆ ಬಿಳಿಯ ಮನೆ, ಅದರ ಸುತ್ತ ಹುಲ್ಲು ಮೇಯುವ ಜಿಂಕೆಗಳು.